ಕಣ್ಣಾಗಿ ಬಂದ ನಾಯಿ

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ಇರುವ ಒಂದು ಕಲ್ಲನ್ನು ನಮ್ಮ ವಾಚಕರಲ್ಲಿ ಕೆಲವರಾದರೂ ನೋಡಿರಬಹುದು. ಕ್ರಿ. ಶ. 949-50ರ ಶಾಸನವದು. ತಕ್ಕೋಲದ ಕಾಳಗದಲ್ಲಿ ಗಂಗರ ಬೂತುಗನ ಪಕ್ಕದಲ್ಲಿ ನಿಂತು ಕಾದಿದ ಮಣಲೇರನೆಂಬ ವೀರನಿಗೆ, ಮೆಚ್ಚಿದೆ, ಏನು ಬೇಕೋ ಬೇಡಿಕೋ ಎಂದು ಅರಸು ಹೇಳಿದನಂತೆ. ಊರನ್ನೋ ಉಂಬಳಿಯನ್ನೋ ಬೇಡುವುದರ ಬದಲು ಆತ ಬೇಡಿದ್ದು ಕಾಳಿ ಎಂಬ ಹೆಸರಿನ ಒಂದು ನಾಯಿಯನ್ನು. ಮುಂದೆ ಆ ಕಾಳಿ ಕಾಡುಹಂದಿಯ ಮೇಲೆ ಬಿದ್ದು, ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ಸತ್ತ ನಾಯಿಯ ನೆನಪಿಗೆ ಗುಡಿಯ ಮುಂದೆ ಕಲ್ಲು ನಿಂತಿತು. ಅದಕ್ಕೆ ಭೂಮಿಯನ್ನು ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಅಲ್ಲಿನ ಗೊರವನು ಉಣಬಾರದೆಂದು ಕಟ್ಟಳೆಯನ್ನೂ ಬರೆಯಿಸಿದರು. ಸಾವಿರ ವರ್ಷಗಳ ಹಿಂದೆ ಕನ್ನಡಿಗನು ನಾಯಿಗೆ ಇಷ್ಟು ಮರ್ಯಾದೆ ಮಾಡಿದ್ದಾನೆ ಎಂಬುದನ್ನು ರಾಜ್ಯೋತ್ಸವದ ಸಂಚಿಕೆಯಲ್ಲಿ ನೆನೆಯುವುದು ಅನುಚಿತವಾಗಲಾರದು. ನಾಯಿಪಾಡು ಎಂಬ ಮಾತನ್ನು ಹುಟ್ಟಿಸಿದವರೂ ನಾವೇ, ಧರ್ಮರಾಯನು ನಾಯಿಯನ್ನು ಬಿಟ್ಟು ಸ್ವರ್ಗದ ರಥವನ್ನು ಏರಲೊಲ್ಲೆನೆಂದ ಕಥೆಯನ್ನು ಮಕ್ಕಳಿಗೆ ಹೇಳಿದವರೂ ನಾವೇ. ಮೈಲಾರನ ಜೊತೆಗೆ ನಾಯಿಯಿದೆ, ದತ್ತಾತ್ರೇಯನ ಕಾಲ ಬಳಿ ನಾಲ್ಕು ನಾಯಿಗಳಿವೆ. ಆದರೂ ಅಂಗಳಕ್ಕೆ ಬಂದ ನಾಯಿಗೆ ಕಲ್ಲು ಬೀಳುವುದು ತಪ್ಪಿಲ್ಲ.

ನಾವು ಇಲ್ಲಿ ಬರೆಯಹೊರಟಿರುವುದು ಬೇಟೆಯ ನಾಯಿಯ ವಿಷಯವನ್ನಲ್ಲ. ಕಣ್ಣಿಲ್ಲದವರನ್ನು ದಾರಿಯಲ್ಲಿ ನಡೆಯಿಸುವ ನಾಯಿ, ಅಂಥ ನಾಯಿಗಳನ್ನು ಬೆಳೆಯಿಸಿ, ಕಲಿಸಿ, ಹಂಚುವ ಧರ್ಮಸಂಸ್ಥೆಗಳು, ಮತ್ತು ಅವುಗಳಿಂದ ಉಪಕಾರ ಪಡೆದವರ ಅನುಭವ, ಇವೇ ನಮ್ಮ ವಿಷಯ. ಈ ಸಂಸ್ಥೆಗಳು ಹುಟ್ಟಿ ಬೆಳೆದದ್ದು ಯುರೋಪಿನಲ್ಲಿ ಮತ್ತು ಅಮೇರಿಕೆಯಲ್ಲಿ. ನಮ್ಮ ದೇಶದಲ್ಲಿ ಇಂಥ ನಾಯಿಗಳು ಇಂದಿಗೂ ಬಲು ವಿರಳ. ಆದರೆ ಊರು ಬಿಟ್ಟು ಬಂದು ಈ ಮಹಾನಗರದ ಬೀದಿಗಳನ್ನು ಒಂದೊಂದಾಗಿ ಕಲಿತುಕೊಂಡ ನಮ್ಮಂಥವರಿಗೆ, ಯಾರ ಕೈಯನ್ನೂ ಹಿಡಿಯದೆ ತಾನಾಗಿ ಬೀದಿಗಿಳಿಯುವುದೆಂದರೆ ಏನೆಂಬುದು ಸ್ವಲ್ಪಮಟ್ಟಿಗೆ ಗೊತ್ತು.

ನಾಯಿಯನ್ನು ಹಗ್ಗದಲ್ಲಿ ಕಟ್ಟಿಕೊಂಡು ಅದರ ಹಿಂದೆ ನಡೆಯುವ ಕುರುಡ ಭಿಕ್ಷುಕನ ಚಿತ್ರ ಬಹಳ ಹಳೆಯದು. ಇಟಲಿಯಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋಗಿದ್ದ ಹರ್ಕ್ಯುಲೇನಿಯಂ ಪಟ್ಟಣದ ಒಂದು ಗೋಡೆಚಿತ್ರದಲ್ಲಿ ಅಂಥ ದೃಶ್ಯವಿದೆಯೆಂದು ತಿಳಿದವರು ತೋರಿಸುತ್ತಾರೆ. ಆದರೆ ಹಗ್ಗದ ತುದಿಯ ನಾಯಿಗೂ, ಕಲಿತ ನಾಯಿಗೂ ಬಹಳ ಅಂತರ. ಕಲಿಸುವ ಪ್ರಯತ್ನ ಮೊದಲಾದದ್ದು ಹದಿನೆಂಟನೆಯ ಶತಮಾನದ ಕೊನೆಯಲ್ಲಿ. 1780ರ ಸುಮಾರಿಗೆ ಪ್ಯಾರಿಸಿನ ಕ್ಯಾಂಜ್-ವ್ಯಾಂ ಎಂಬ ಅಂಧರ ಆಸ್ಪತ್ರೆಯಲ್ಲಿ ಈ ಕೆಲಸ ನಡೆದಿತ್ತು. 1788ರಲ್ಲಿ ವಿಯೆನ್ನಾದ ಒಬ್ಬ ಜರಡಿ ಮಾಡುವವನು, ಯೋಸೆಫ್ ರೀಸಿಂಗರ್ ಎಂದು ಹೆಸರು, ತನ್ನ ನಾಯಿಗೆ ತಾನೇ ಎಷ್ಟು ಚೆನ್ನಾಗಿ ಕಲಿಸಿದ್ದನೆಂದರೆ, ಆತ ನಿಜವಾಗಿಯೂ ಕುರುಡನೇ ಎಂದು ಜನ ಸಂಶಯಪಟ್ಟರಂತೆ. ಕಷ್ಟದಲ್ಲಿರುವವನು ಕಷ್ಟವನ್ನು ಚೆನ್ನಾಗಿ ನಿಭಾಯಿಸಿದರೂ ಲೋಕ ಬಿಡುವುದಿಲ್ಲ! ಅದೇ ವಿಯೆನ್ನಾದಲ್ಲಿ ಅಂಧರ ವಿದ್ಯಾಲಯವನ್ನು ಸ್ಥಾಪಿಸಿದ ಯೋಹಾನ್ ವಿಲ್ಹೆಲ್ಮ್ ಕ್ಲೈನ್ ಎಂಬವರು 1819ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ, ಹಗ್ಗದ ಬದಲು ನಾಯಿಯ ಮೈಗೆ ಗಟ್ಟಿಯಾದೊಂದು ಕೋಲನ್ನು ಬಿಗಿದು ಅದನ್ನು ಕೈಯಲ್ಲಿ ಹಿಡಿಯಬೇಕೆಂದು ಬರೆದರು. ಹಗ್ಗ ಸಡಿಲವಾದರೆ ನಾಯಿ ಎತ್ತ ತಿರುಗಿತೆಂಬುದು ತಿಳಿಯದು. ಕೋಲಾದರೆ ನಾಯಿಯ ಮೈಯ ಒಂದೊಂದು ಚಲನೆಯೂ ಅಂಗೈಗೆ ಮುಟ್ಟುತ್ತದೆ. ಇಂದು ಹಾರ್ನೆಸ್ ಎಂದು ಕರೆಯುವ, ಬೆನ್ನ ಮೇಲೆ ಗಟ್ಟಿ ಹಿಡಿಕೆಯುಳ್ಳ ಪಟ್ಟಿಗೆ ಮೂಲ ಈ ಯೋಚನೆಯೇ. ಆದರೆ ಪುಸ್ತಕದಲ್ಲಿದ್ದದ್ದು ಬೀದಿಗೆ ಬರಲು ಮತ್ತೆ ಸುಮಾರು ನೂರು ವರ್ಷ ಹಿಡಿಯಿತು. ಅದಕ್ಕೊಂದು ಮಹಾಯುದ್ಧವೂ ಬೇಕಾಯಿತು.

ಮೊದಲನೆಯ ಮಹಾಯುದ್ಧದಲ್ಲಿ ವಿಷವಾಯುವಿನಿಂದಲೂ ಸಿಡಿಗುಂಡುಗಳಿಂದಲೂ ಕಣ್ಣು ಕಳೆದುಕೊಂಡ ತರುಣ ಸಿಪಾಯಿಗಳು ಸಾವಿರಗಟ್ಟಲೆ ಮನೆಗೆ ಮರಳಿದರು. ಜರ್ಮನಿಯ ಡಾಕ್ಟರ್ ಗೆರ್ಹಾರ್ಡ್ ಸ್ಟಾಲಿಂಗ್ ಎಂಬವರ ವಿಷಯದಲ್ಲಿ ಒಂದು ಕಥೆಯನ್ನು ಹೇಳುತ್ತಾರೆ. ಆಸ್ಪತ್ರೆಯ ತೋಟದಲ್ಲಿ ಕಣ್ಣಿಲ್ಲದ ರೋಗಿಯೊಬ್ಬನೊಡನೆ ಅಡ್ಡಾಡುತ್ತಿದ್ದ ಅವರಿಗೆ ಒಳಗಿನಿಂದ ಕರೆ ಬಂತು. ತಮ್ಮ ನಾಯಿಯನ್ನು ಆತನ ಬಳಿ ಬಿಟ್ಟು ಹೋದರು. ತಿರುಗಿ ಬಂದು ನೋಡಿದರೆ ನಾಯಿಯು ತಾನಾಗಿ ಆ ರೋಗಿಯನ್ನು ಕಾದುಕೊಂಡಂತೆ ತೋರಿತು. ಕಥೆ ಹೇಗೇ ಇರಲಿ, 1916ರ ಆಗಸ್ಟಿನಲ್ಲಿ ಓಲ್ಡೆನ್‌ಬುರ್ಗ್ ಎಂಬ ಊರಿನಲ್ಲಿ ಸ್ಟಾಲಿಂಗರು ಜಗತ್ತಿನ ಮೊಟ್ಟಮೊದಲಿನ ಮಾರ್ಗದರ್ಶಿ ನಾಯಿಗಳ ಶಾಲೆಯನ್ನು ತೆರೆದದ್ದಂತೂ ನಿಜ. ಅದಕ್ಕೆ ಹಲವು ಊರುಗಳಲ್ಲಿ ಶಾಖೆಗಳಾದವು, ವರ್ಷಕ್ಕೆ 600 ನಾಯಿಗಳವರೆಗೆ ಕಲಿತು ಹೊರಬರುತ್ತಿದ್ದವು, ಪರದೇಶಗಳಿಗೂ ಹೋದವು. 1926ಕ್ಕೆ ಆ ಶಾಲೆ ಮುಚ್ಚಿಹೋದರೂ, 1923ರಲ್ಲಿ ಬರ್ಲಿನ್ನಿನ ಹತ್ತಿರದ ಪೋಟ್ಸ್‌ಡಾಮಿನಲ್ಲಿ ತೆರೆದಿದ್ದ ಇನ್ನೊಂದು ಶಾಲೆ ಕೆಲಸವನ್ನು ಮುಂದುವರಿಸಿತು.

ಆ ಪೋಟ್ಸ್‌ಡಾಮಿನ ಶಾಲೆಯನ್ನು ನೋಡಲು ಬಂದವರಲ್ಲಿ ಡೊರೊಥಿ ಹ್ಯಾರಿಸನ್ ಯೂಸ್ಟಿಸ್ ಎಂಬ ಅಮೇರಿಕನ್ ಮಹಿಳೆಯೊಬ್ಬರು. ಸ್ವಿಟ್ಸರ್ಲೆಂಡಿನ ವೆವೆ ಪಟ್ಟಣದ ಮೇಲಿನ ಬೆಟ್ಟದಲ್ಲಿ ಅವರ ನಾಯಿ ಸಾಕಣೆಯ ಕೇಂದ್ರವಿತ್ತು. ಪೋಲೀಸರಿಗೆ, ಸೈನ್ಯಕ್ಕೆ, ಸುಂಕದ ಕಟ್ಟೆಯವರಿಗೆ ಬೇಕಾದ ಕುರಿಕಾಯುವ ಜಾತಿಯ ಜರ್ಮನ್ ನಾಯಿಗಳನ್ನು ಅಲ್ಲಿ ಬೆಳೆಯಿಸಿ ತಿದ್ದುತ್ತಿದ್ದರು. ಕಣ್ಣಿಲ್ಲದ ಸಿಪಾಯಿಗಳು ಗದ್ದಲದ ಬೀದಿಗಳಲ್ಲಿ ನಾಯಿಯೊಡನೆ ಸರಾಗವಾಗಿ ನಡೆಯುವುದನ್ನು ಕಂಡು ಬೆರಗಾದ ಯೂಸ್ಟಿಸ್ ಬಾಯಿಯವರು ಅಮೇರಿಕೆಯ ಒಂದು ವಾರಪತ್ರಿಕೆಗೆ ಲೇಖನ ಬರೆದರು. ಸ್ಯಾಟರ್‌ಡೇ ಈವ್ನಿಂಗ್ ಪೋಸ್ಟ್ ಎಂಬ ಆ ಪತ್ರಿಕೆಯ 1927ರ ನವಂಬರ್ 5ರ ಸಂಚಿಕೆಯಲ್ಲಿ ಅದು ಅಚ್ಚಾಯಿತು. ಪತ್ರಿಕೆಯ ಬೆಲೆ ಐದು ಸೆಂಟು. ಸಂಚಿಕೆಗಳಿಗೆ ಲೇಖನ ಬರೆಯುವವರು, ಯಾರು ಓದುತ್ತಾರೆ ಬಿಡಿ ಎಂದು ನಿರಾಶರಾಗುವುದುಂಟು. ಅಂಥವರು ಮುಂದಿನ ಸಂಗತಿಯನ್ನು ಗಮನಿಸಬೇಕು.

ಅಮೇರಿಕೆಯ ಟೆನೆಸ್ಸೀ ಪ್ರಾಂತದ ನ್ಯಾಶ್ವಿಲ್ಲಿನಲ್ಲಿ ಮೋರಿಸ್ ಫ್ರ್ಯಾಂಕ್ ಎಂಬ ತರುಣನಿದ್ದ. ಆರನೆಯ ವಯಸ್ಸಿನಲ್ಲಿ ಕುದುರೆಯ ಮೇಲೆ ಹೋಗುವಾಗ ಮರದ ಕೊಂಬೆ ಬಡಿದು ಒಂದು ಕಣ್ಣು ಹೋಗಿತ್ತು. ಹದಿನಾರನೆಯ ವಯಸ್ಸಿನಲ್ಲಿ ಮುಷ್ಟಿಯುದ್ಧದ ಆಟದಲ್ಲಿ ಇನ್ನೊಂದು ಹೋಯಿತು. ವಿಚಿತ್ರವೆಂದರೆ ಅವನ ತಾಯಿಗೂ ಕಣ್ಣಿರಲಿಲ್ಲ. ಹುಡುಗನಾಗಿದ್ದಾಗ ಆಕೆಯನ್ನು ಕೈಹಿಡಿದು ನಡೆಯಿಸುತ್ತಿದ್ದವನು ಅವನೇ. ಈಗ ಅವನನ್ನು ನಡೆಯಿಸಲು ಕೂಲಿಯ ಹುಡುಗನನ್ನು ಇಟ್ಟುಕೊಳ್ಳಬೇಕಾಯಿತು. ಓದುತ್ತಲೇ ವಿಮೆಯ ಏಜಂಟನಾಗಿ ಮನೆಮನೆ ತಿರುಗುತ್ತಿದ್ದ ಅವನಿಗೆ, ಈ ಹುಡುಗ ಬೇಸರಬಂದಾಗ ನಡುವೆಯೇ ಬಿಟ್ಟುಹೋದರೆ ಗತಿಯಿಲ್ಲ. ಕ್ಷೌರಕ್ಕೆ ಹೋಗಬೇಕಾದರೂ ತಂದೆ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಅಂಗಡಿಯಲ್ಲಿ ಕೂಡಿಸಿ ಹೋಗುವನು. ಮತ್ತೆ ಯಾರಾದರೂ ಬಂದು ಕರೆದೊಯ್ಯುವವರೆಗೆ ಮೂಟೆಯಂತೆ ಕುಳಿತಿರಬೇಕು. ಆ ಲೇಖನವನ್ನು ತಂದೆ ಓದಿ ಹೇಳಿದಾಗ ಅವನಿಗೆ ಹತ್ತೊಂಬತ್ತು ವರ್ಷ. ಕೂಡಲೇ ಯೂಸ್ಟಿಸ್ ಬಾಯಿಯವರಿಗೆ ಕಾಗದ ಬರೆಯಿಸಿದ: ನನಗೊಂದು ನಾಯಿಯನ್ನು ಕೊಡಿರಿ, ನಾನು ಕಲಿತು ಬಂದು ನನ್ನಂಥವರಿಗೆಲ್ಲ ಈ ವಿದ್ಯೆ ಸಿಗುವಂತೆ ಮಾಡುತ್ತೇನೆ, ಎಂಬುದು ಅದರ ತಾತ್ಪರ್ಯ. ತನಗೊಂದು ಕೊಡಿ ಎಂದಷ್ಟೇ ಬರೆದಿದ್ದರೆ ಬಹುಶಃ ಅವನ ಹೆಸರನ್ನು ನಾವು ಇಂದು ಬರೆಯುತ್ತಿರಲಿಲ್ಲ.

1928ರ ವಸಂತದಲ್ಲಿ ಅವನು ಹಡಗು ಹತ್ತಿದ. ಒಬ್ಬನೇ ಹೊರಟ ಕುರುಡನನ್ನು ಕಂಪನಿಯವರು ಒಂದು ಪಾರ್ಸೆಲ್ಲಿನಂತೆಯೇ ಸಾಗಿಸಿದರು. ಗೊತ್ತಾದ ವೇಳೆಗೆ ನೌಕರನು ಬಂದು ಡೆಕ್ಕಿನ ಮೇಲೆ ನಡೆದಾಡಿಸುವುದು, ಆಮೇಲೆ ಕೋಣೆಯಲ್ಲಿ ಬಿಟ್ಟು ಹೊರಗಿನಿಂದ ಬೀಗ ಹಾಕುವುದು. ಕಂಪನಿಯವರಲ್ಲಿ ಕೆಟ್ಟ ಬುದ್ಧಿಯೇನೂ ಇರಲಿಕ್ಕಿಲ್ಲ. ಅವನು ಎಡವಿ ಬೀಳಬಾರದೆಂಬ ಕಾಳಜಿಯೇ. ಈ ಕಾಳಜಿಯ ಬೀಗವನ್ನು ನಮ್ಮ ಮನೆಗಳಲ್ಲಿಯೂ ಎಷ್ಟೋ ಮಂದಿಗೆ ಹಾಕಿರುತ್ತೇವೆ.

ಸ್ವಿಟ್ಸರ್ಲೆಂಡಿನಲ್ಲಿ ಜ್ಯಾಕ್ ಹಂಫ್ರಿ ಎಂಬ ಶಿಕ್ಷಕರು ಅವನ ಕೈಗೆ ಒಂದು ಹೆಣ್ಣುನಾಯಿಯನ್ನು ಒಪ್ಪಿಸಿದರು. ಅದರ ಹೆಸರು ಕಿಸ್. ಬೀದಿಯಲ್ಲಿ ಆ ಹೆಸರಿಟ್ಟು ಕೂಗಲು ತರುಣನಿಗೆ ಸಂಕೋಚವಾಯಿತು. ಬಡಿ ಎಂದು ಬದಲಾಯಿಸಿದ. ಬಡಿ ಎಂದರೆ ಅವರ ಭಾಷೆಯಲ್ಲಿ ಗೆಳೆಯ. ನಮ್ಮ ಕಿವಿಗೆ ಹೊಡೆತದಂತೆ ಕೇಳಿಸಿದರೆ ಅದು ಆ ಪ್ರಾಣಿಯ ತಪ್ಪಲ್ಲ. ಕೆಲವು ವಾರಗಳ ಅಭ್ಯಾಸ ನಡೆಯಿತು. ಒಂದು ದಿನ ಕ್ಷೌರ ಮಾಡಿಸಿಕೊಳ್ಳಬೇಕು, ಯಾರು ಕರೆದೊಯ್ಯುತ್ತೀರಿ ಎಂದು ಕೇಳಿದನಂತೆ. ನಿನಗೆ ನಾಯಿಯಿದೆ, ನೀನೇ ಹೋಗು, ಎಂಬ ಉತ್ತರ ಬಂತು. ಹೋದ. ಬಡಿಯ ಹಿಡಿಕೆಯನ್ನು ಹಿಡಿದು ಹೋಗಿ, ಕೂದಲು ಕತ್ತರಿಸಿಕೊಂಡು, ತಾನೇ ಹಿಂದಿರುಗಿದ. ತಿರುಗಿ ಬರುವಾಗ ನಗು ತಡೆಯಲಾಗಲಿಲ್ಲವೆಂದು ಅವನೇ ಮುಂದೆ ಹೇಳಿಕೊಂಡಿದ್ದಾನೆ. ದೊಡ್ಡ ದೊಡ್ಡ ಸ್ವಾತಂತ್ರ್ಯಗಳ ಚರಿತ್ರೆಯನ್ನು ನಾವು ಓದಿದ್ದೇವೆ; ಕ್ಷೌರದ ಅಂಗಡಿಗೆ ತಾನೇ ಹೋಗಿಬರುವ ಸ್ವಾತಂತ್ರ್ಯದ ಬೆಲೆಯನ್ನು ಕಣ್ಣುಳ್ಳವರು ಎಣಿಸಿ ನೋಡಿದಂತಿಲ್ಲ.

1928ರ ಜೂನ್ 11ರಂದು ಫ್ರ್ಯಾಂಕನು ಬಡಿಯೊಡನೆ ನ್ಯೂಯಾರ್ಕ್ ಬಂದರಿನಲ್ಲಿ ಇಳಿದ. ಪತ್ರಿಕೆಗಳ ಬಾತ್ಮೀದಾರರು ನೆರೆದಿದ್ದರು. ನಾಯಿ ದಾರಿ ತೋರಿಸುವುದೇ? ಹಾಗಾದರೆ ವೆಸ್ಟ್ ಸ್ಟ್ರೀಟನ್ನು ದಾಟಿ ತೋರಿಸು, ಎಂದು ಅವರಲ್ಲೊಬ್ಬನು ಪಂಥ ಕಟ್ಟಿದ. ಬಂದರಿನ ಪಕ್ಕದ ಅಗಲವಾದ ಬೀದಿ. ಲಾರಿಗಳ, ಮೋಟಾರುಗಳ ಗದ್ದಲ. ಫ್ರ್ಯಾಂಕನಿಗೆ ಆ ಬೀದಿಯ ವಿಷಯ ಏನೂ ಗೊತ್ತಿರಲಿಲ್ಲ. ಮುಂದಕ್ಕೆ ಎಂದು ಹೇಳಿ ಹೆಜ್ಜೆಯಿಟ್ಟ. ಬಡಿ ನಡೆಯಿತು, ನಿಂತಿತು, ಹಿಂದೆ ಸರಿಯಿತು, ಮತ್ತೆ ನಡೆಯಿತು. ನಡುದಾರಿಯಲ್ಲಿ ಅವನಿಗೆ ದಿಕ್ಕೇ ತಪ್ಪಿತ್ತು. ನಾಯಿಗೆ ತನ್ನನ್ನು ಪೂರ್ತಿ ಒಪ್ಪಿಸಿಬಿಟ್ಟಿದ್ದ. ಆಚೆಯ ದಂಡೆಯನ್ನು ಮುಟ್ಟಿದಾಗ ನಾಯಿಯ ಕೊರಳನ್ನು ತಬ್ಬಿಕೊಂಡ. ಆ ದಿನ ಸ್ವಿಟ್ಸರ್ಲೆಂಡಿಗೆ ಹೋದ ತಂತಿಯಲ್ಲಿ ಇದ್ದುದು ಒಂದೇ ಮಾತು: ಯಶಸ್ಸು.

1929ರ ಜನವರಿ 29ರಂದು ನ್ಯಾಶ್ವಿಲ್ಲಿನಲ್ಲಿ ಸೀಯಿಂಗ್ ಐ ಎಂಬ ಸಂಸ್ಥೆ ಸ್ಥಾಪನೆಯಾಯಿತು. ಕಾಣುವ ಕಣ್ಣು ಎಂದು ಅದರ ಅರ್ಥ. ಲೇಖನದ ಶೀರ್ಷಿಕೆಯೇ ಸಂಸ್ಥೆಗೆ ಹೆಸರಾಯಿತು. ದಕ್ಷಿಣದ ಸೆಕೆ ನಾಯಿಗಳ ಶಿಕ್ಷಣಕ್ಕೆ ಒಗ್ಗದೆ 1931ರಲ್ಲಿ ಅದು ನ್ಯೂಜೆರ್ಸಿಗೆ ಸ್ಥಳಾಂತರವಾಯಿತು. ಕಲಿಸುವ ಕೆಲಸಕ್ಕಿಂತ ಹೆಚ್ಚಿನ ಕಷ್ಟ ಹೊರಗೆ ಕಾದಿತ್ತು. ಹೋಟೆಲಿನವನು ನಾಯಿಗೆ ಪ್ರವೇಶವಿಲ್ಲ ಎನ್ನುವನು. ರೈಲಿನವನು ನಾಯಿ ಸಾಮಾನಿನ ಡಬ್ಬಿಗೆ ಹೋಗಲಿ ಎನ್ನುವನು. ಕಣ್ಣನ್ನು ಸಾಮಾನಿನ ಡಬ್ಬಿಯಲ್ಲಿಟ್ಟು ಮನುಷ್ಯನು ಬೇರೆ ಡಬ್ಬಿಯಲ್ಲಿ ಕೂಡ್ರುವುದು ಹೇಗೆ? ಫ್ರ್ಯಾಂಕ್ ಊರೂರು ತಿರುಗಿ, ಬಾಗಿಲು ಬಾಗಿಲಿಗೆ ನಿಂತು ವಾದಿಸಿದ. 1935ರ ಹೊತ್ತಿಗೆ ಅಮೇರಿಕೆಯ ರೈಲು ಕಂಪನಿಗಳೆಲ್ಲ ನಾಯಿಯು ಯಜಮಾನನ ಕಾಲ ಬಳಿಯಲ್ಲಿಯೇ ಇರಬಹುದೆಂದು ಒಪ್ಪಿದವು. 1938ರ ಮೇ ತಿಂಗಳಲ್ಲಿ ಬಡಿ ತೀರಿಕೊಂಡಿತು. ಅನಂತರ ಅವನು ಪಡೆದ ನಾಯಿಗಳಿಗೆಲ್ಲ ಬಡಿ ಎಂದೇ ಹೆಸರಿಟ್ಟ.

ಈ ಸಂಸ್ಥೆಯ ಒಂದು ಪದ್ಧತಿಯನ್ನು ನಾವು ವಿಶೇಷವಾಗಿ ಹೇಳಬೇಕು. ನಾಯಿಯನ್ನು ಅಲ್ಲಿ ಪುಕ್ಕಟೆ ಕೊಡುವುದಿಲ್ಲ. ಮೊದಲನೆಯ ನಾಯಿಗೆ 150 ಡಾಲರು, ಮುಂದಿನವುಗಳಿಗೆ 50 ಡಾಲರು. 1934ರಿಂದ ಈ ಮೊತ್ತವನ್ನು ಏರಿಸಿಲ್ಲ. ಒಮ್ಮೆಗೇ ಆಗದವರು ಸ್ವಲ್ಪ ಸ್ವಲ್ಪವಾಗಿ ಕೊಡಬಹುದು. ನಾಯಿಯನ್ನು ಬೆಳೆಯಿಸಿ ಕಲಿಸಲು ತಗಲುವ ವೆಚ್ಚದ ಮುಂದೆ ಇದು ಏನೇನೂ ಅಲ್ಲ. ಆದರೆ ಹಣ ಕೊಟ್ಟವನು ನಾಯಿಯನ್ನು ತನ್ನದೆನ್ನಬಹುದು. ದಾನ ಪಡೆದೆನೆಂದು ತಲೆ ತಗ್ಗಿಸಬೇಕಾಗಿಲ್ಲ. ಬ್ರಿಟನ್ನಿನ ಸಂಘವೂ ಬಹುಕಾಲದಿಂದ 50 ಪೆನ್ಸ್ ಎಂಬ ನಾಮಮಾತ್ರದ ಶುಲ್ಕವನ್ನು ಇಟ್ಟುಕೊಂಡು ಬಂದದ್ದು ಇಂಥ ಭಾವನೆಯಿಂದಲೇ ಇರಬೇಕು. ದಾನ ಮಾಡುವುದು ಸುಲಭ. ಪಡೆಯುವವನ ಮುಖ ಬಾಡದಂತೆ ಮಾಡುವುದು ಕಷ್ಟ. ನಮ್ಮ ಸಂಘಗಳಲ್ಲಿ ಬಡ ವಿದ್ಯಾರ್ಥಿಗಳನ್ನು ವೇದಿಕೆಯ ಮೇಲೆ ಕರೆದು, ಫೋಟೋ ತೆಗೆಯಿಸಿ ಪುಸ್ತಕ ಕೊಡುವವರು ಇದನ್ನು ಯೋಚಿಸಬೇಕೆಂದು ನಮ್ಮ ನಮ್ರ ಅಭಿಪ್ರಾಯ.

ಇಂಗ್ಲಂಡಿನ ಕಥೆ ಇನ್ನೂ ಚಿಕ್ಕದರಿಂದ ಮೊದಲಾಯಿತು. ಮ್ಯೂರಿಯಲ್ ಕ್ರೂಕ್ ಮತ್ತು ರೋಸಮಂಡ್ ಬಾಂಡ್ ಎಂಬ ಇಬ್ಬರು ಮಹಿಳೆಯರು ಕುರಿನಾಯಿಗಳನ್ನು ಸಾಕುವ ಹವ್ಯಾಸವುಳ್ಳವರು. 1930ರಲ್ಲಿ ಯೂಸ್ಟಿಸ್ ಬಾಯಿಯವರ ಕೆಲಸದ ಸುದ್ದಿ ತಿಳಿದು ಅವರನ್ನು ಸಂಪರ್ಕಿಸಿದರು. ಬಾಯಿಯವರು ತಮ್ಮ ಶಿಕ್ಷಕರೊಬ್ಬರನ್ನು ಕಳುಹಿಸಿಕೊಟ್ಟರು. ಲಿವರ್‌ಪೂಲಿನ ಎದುರು ದಂಡೆಯ ವಾಲಸೀ ಎಂಬ ಊರಿನಲ್ಲಿ ಬಾಡಿಗೆಯ ಒಂದು ಮೋಟಾರು ಗ್ಯಾರೇಜೇ ಶಾಲೆಯಾಯಿತು. 1931ರಲ್ಲಿ ಜೂಡಿ, ಫ್ಲ್ಯಾಶ್, ಫಾಲಿ, ಮೆಟಾ ಎಂಬ ನಾಲ್ಕು ನಾಯಿಗಳು ಅಲ್ಲಿ ಕಲಿತು, ನಾಲ್ವರು ಅಂಧರ ಜೊತೆಗೂಡಿದವು. ಆ ನಾಲ್ವರಲ್ಲಿ ಯುದ್ಧದಲ್ಲಿ ಕಣ್ಣು ಕಳೆದುಕೊಂಡವರೂ ಇದ್ದರು. ಪ್ರಾಣಿಗಳಿಗೆ ಇಂಥ ದುಡಿತ ಕ್ರೌರ್ಯವೆಂದು ಆಕ್ಷೇಪಿಸಿದವರೂ ಇಲ್ಲದಿಲ್ಲ. ಆದರೆ ವರ್ಷ ಕಳೆದ ಮೇಲೆ ಆ ನಾಲ್ವರೂ ಹೇಳಿದ್ದು ಒಂದೇ: ಹಿಂದೆಂದೂ ಕಾಣದ ಬಿಡುಗಡೆ ತಮಗೆ ದೊರೆಯಿತೆಂದು. 1933ರಲ್ಲಿ ನಿಕೊಲಾಯ್ ಲಿಯಾಖೋಫ್ ಎಂಬ ರಶಿಯದ ಮಾಜಿ ಸೇನಾಧಿಕಾರಿ ಕಾಯಂ ಶಿಕ್ಷಕರಾಗಿ ಬಂದರು. ದೇಶ ಬಿಟ್ಟು ಬಂದ ಮನುಷ್ಯ. ಪರದೇಶದ ನಾಯಿಗಳಿಗೂ ಅಂಧರಿಗೂ ಜೊತೆ ಕಟ್ಟುತ್ತ ಅಲ್ಲಿಯೇ ನೆಲಸಿದರು. 1934ರಲ್ಲಿ ಸಂಘಕ್ಕೆ ಅಧಿಕೃತ ರೂಪ ಬಂತು. ಯುದ್ಧದ ನಡುವೆ, 1940ರಲ್ಲಿ, ಅದು ಲೆಮಿಂಗ್ಟನ್ ಸ್ಪಾ ಎಂಬಲ್ಲಿಗೆ ಹೋಯಿತು.

ಈ ನಾಯಿ ಮಾಡುವ ಕೆಲಸವಾದರೂ ಏನು? ಹಲವರು ತಪ್ಪು ತಿಳಿದಿರುತ್ತಾರೆ. ಪೋಸ್ಟಾಫೀಸಿಗೆ ನಡೆ ಎಂದರೆ ನಾಯಿ ಒಯ್ದು ಮುಟ್ಟಿಸುತ್ತದೆಯೆಂದು ಎಣಿಸುವುದು ಸರಿಯಲ್ಲ. ದಾರಿಯನ್ನು ತಿಳಿದಿರಬೇಕಾದವನು ಮನುಷ್ಯ. ಎಷ್ಟನೆಯ ತಿರುವು, ಎಡಕ್ಕೋ ಬಲಕ್ಕೋ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಅವನು ಆಜ್ಞೆ ಕೊಡಬೇಕು. ನಾಯಿಯ ಕೆಲಸ ಆ ದಾರಿಯಲ್ಲಿ ಕಂಬ, ಗುಂಡಿ, ಮೆಟ್ಟಿಲು, ನಿಂತ ಗಾಡಿಗಳನ್ನು ತಪ್ಪಿಸುವುದು. ದಾರಿಯ ಅಂಚು ಬಂದಾಗ ನಿಲ್ಲುವುದು. ತನ್ನ ಮೈ ನುಸುಳಬಲ್ಲ ಸಂದಿಯಾದರೂ ಯಜಮಾನನ ಭುಜ ನುಸುಳದಿದ್ದರೆ ಸುತ್ತಿ ಹೋಗಬೇಕು. ತನ್ನ ತಲೆಗೆ ತಾಗದ ಕೊಂಬೆ ಅವನ ಹಣೆಗೆ ತಾಗುವುದೆಂಬುದನ್ನು ಕಲಿಯಬೇಕು. ಸಿಗ್ನಲ್ಲಿನ ಕೆಂಪು ಹಸಿರುಗಳನ್ನು ನೋಡಿ ನಾಯಿ ದಾಟಿಸುವುದಿಲ್ಲ. ಆ ಬಣ್ಣಗಳ ಭೇದ ಅದರ ಕಣ್ಣಿಗೆ ಸರಿಯಾಗಿ ತಿಳಿಯದು. ಗಾಡಿಗಳ ಸದ್ದನ್ನು ಕೇಳಿ ಈಗ ದಾಟಬಹುದೆಂದು ನಿರ್ಣಯಿಸುವವನು ಮನುಷ್ಯನೇ.

ಹಾಗಾದರೆ ಅವನ ನಿರ್ಣಯ ತಪ್ಪಿದರೆ? ಈ ವಿದ್ಯೆಯ ಕಳಶ ಅಲ್ಲಿಯೇ ಇದೆ. ಮುಂದಕ್ಕೆ ಎಂದು ಹೇಳಿದಾಗ ಎದುರಿಗೆ ಮೋಟಾರು ಬರುತ್ತಿದ್ದರೆ ನಾಯಿ ಮುಂದಕ್ಕೆ ಹೋಗಕೂಡದು. ಹೇಳಿದಂತೆ ಕೇಳಲು ತಿಂಗಳುಗಟ್ಟಲೆ ಕಲಿಸಿದ ಪ್ರಾಣಿಗೆ, ಯಾವಾಗ ಕೇಳಬಾರದು ಎಂಬುದನ್ನೂ ಕಲಿಸುತ್ತಾರೆ. ಬುದ್ಧಿಯ ಅವಿಧೇಯತೆ ಎಂದು ಅದನ್ನು ಕರೆಯುತ್ತಾರೆ. ದೊಡ್ಡ ದೊಡ್ಡ ಕಚೇರಿಗಳಲ್ಲಿ ನೌಕರಿ ಮಾಡುವ ನಮ್ಮ ಮಿತ್ರರು ಈ ಗುಣ ಎಷ್ಟು ದುರ್ಲಭವೆಂಬುದನ್ನು ಬಲ್ಲರು.

ಮೊದಮೊದಲು ಬೆಳೆದ ನಾಯಿಗಳನ್ನೇ ಕೊಂಡೋ ಬೇಡಿಯೋ ತಂದು ಕಲಿಸುತ್ತಿದ್ದರು. ಅವುಗಳಲ್ಲಿ ಎಷ್ಟೋ ಕೆಲಸಕ್ಕೆ ಬಾರದೆ ಹೋಗುತ್ತಿದ್ದವು. 1956ರಲ್ಲಿ ಬ್ರಿಟನ್ನಿನ ಸಂಘವು ಒಂದು ಹೊಸ ಏರ್ಪಾಟನ್ನು ಮಾಡಿತು. ಅದನ್ನು ಬೆಳೆಯಿಸಿದವರಲ್ಲಿ ಡೆರೆಕ್ ಫ್ರೀಮನ್ ಮುಖ್ಯರು. ಮರಿಗಳನ್ನು ಸಾಮಾನ್ಯ ಸಂಸಾರಿಗರ ಮನೆಯಲ್ಲಿ ಬಿಡುವುದು. ಆ ಮನೆಯವರು ಅದನ್ನು ಸುಮಾರು ಒಂದು ವರ್ಷ ಸಾಕುವುದು. ಸಂತೆ, ಬಸ್ಸು, ರೈಲು, ಮಕ್ಕಳ ಗಲಾಟೆ, ಮಳೆ, ಗುಡುಗು ಎಲ್ಲವನ್ನೂ ಅದಕ್ಕೆ ಪರಿಚಯ ಮಾಡಿಸುವುದು. ಆಮೇಲೆ ಶಾಲೆಗೆ ಒಪ್ಪಿಸಿಬಿಡುವುದು. ಈ ಒಪ್ಪಿಸಿಬಿಡುವುದು ಎಂಬ ಮಾತನ್ನು ಬರೆಯುವುದು ಸುಲಭ. ಮನೆಯ ಮಗುವಿನಂತೆ ಬೆಳೆದ ಮರಿಯನ್ನು ವ್ಯಾನಿನಲ್ಲಿ ಹತ್ತಿಸಿ ಕಣ್ಣೊರಸಿಕೊಂಡು ಒಳಗೆ ಬರುವ ಆ ತಾಯಂದಿರ ಮುಖವನ್ನು ಹೆಣ್ಣು ಒಪ್ಪಿಸಿಕೊಟ್ಟ ನಮ್ಮ ಮನೆಯವರು ಊಹಿಸಿಕೊಳ್ಳಬಲ್ಲರು. ಕೆಲವರು ಒಂದನ್ನು ಕಳುಹಿಸಿ, ಇನ್ನು ಈ ಉಸಾಬರಿ ಬೇಡ ಎಂದು ಶಪಥ ಮಾಡುತ್ತಾರೆ. ತಿಂಗಳೊಪ್ಪತ್ತಿನಲ್ಲಿ ಮತ್ತೊಂದು ಮರಿ ಮನೆಗೆ ಬಂದಿರುತ್ತದೆ. ಇವರಿಗೆ ಸಂಬಳವಿಲ್ಲ. ನಾಯಿಯ ಉಪಕಾರ ಪಡೆಯುವವರ ಪರಿಚಯವೂ ಮೊದಲಿಗೆ ಇರುವುದಿಲ್ಲ.

ಹಣದ ಮಾತೂ ಹಾಗೆಯೇ. ಇಂಥ ಸಂಘಗಳು ಬಹುಮಟ್ಟಿಗೆ ಜನರ ಚಿಲ್ಲರೆ ಕಾಣಿಕೆಯಿಂದಲೇ ನಡೆದಿವೆ. 1964ರಲ್ಲಿ ಬಿಬಿಸಿಯ ಬ್ಲೂ ಪೀಟರ್ ಎಂಬ ಮಕ್ಕಳ ಕಾರ್ಯಕ್ರಮದವರು ಹಣ ಕಳುಹಿಸಬೇಡಿ, ಮನೆಯಲ್ಲಿರುವ ಬೆಳ್ಳಿಕಾಗದವನ್ನೂ ಹಾಲಿನ ಬಾಟಲಿಯ ಮುಚ್ಚಳಗಳನ್ನೂ ಕಳುಹಿಸಿರಿ ಎಂದು ಮಕ್ಕಳಿಗೆ ಕರೆ ಕೊಟ್ಟರು. ಟನ್ನುಗಟ್ಟಲೆ ಬಂದು ಬಿತ್ತು. ಆ ರದ್ದಿಯನ್ನು ಮಾರಿದ ಹಣದಲ್ಲಿ ಹನಿ ಮತ್ತು ಸಿಂಡಿ ಎಂಬ ಎರಡು ನಾಯಿಗಳ ಶಿಕ್ಷಣವಾಯಿತು. ಹನಿಯು ಬೆಳೆಯುವುದನ್ನು ಮಕ್ಕಳು ದೂರದರ್ಶನದಲ್ಲಿ ನೋಡಿದರು.

ಏಶಿಯದಲ್ಲಿ ಜಪಾನಿಗೆ 1939ರಲ್ಲಿ ಜರ್ಮನಿಯಿಂದ ನಾಲ್ಕು ನಾಯಿಗಳು ಸೈನಿಕರಿಗಾಗಿ ಬಂದವು. 1957ರಲ್ಲಿ ಅಲ್ಲಿಯೇ ಕಲಿತ ಚಾಂಪಿ ಎಂಬ ನಾಯಿ ಕೆಲಸಕ್ಕೆ ತೊಡಗಿತು. ಜಾತಿಯೂ ಬದಲಾಯಿತು. ಕುರಿನಾಯಿಗಳ ಜಾಗದಲ್ಲಿ ಇಂದು ಹೆಚ್ಚಾಗಿ ಕಾಣುವುದು ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್ ಮತ್ತು ಇವುಗಳ ಮಿಶ್ರಸಂತಾನ. ನಮ್ಮ ಮುಧೋಳದ ನಾಯಿಯನ್ನು ಈ ಪಟ್ಟಿಯಲ್ಲಿ ಸೇರಿಸಲು ಅಭಿಮಾನ ಪ್ರೇರಿಸುತ್ತದೆ. ಆದರೆ ಕಣ್ಣಿಗೆ ಮೊಲ ಬಿದ್ದೊಡನೆ ಬಾಣದಂತೆ ಹಾರುವ ಪ್ರಾಣಿಯ ಹಿಡಿಕೆಯನ್ನು ಕಣ್ಣಿಲ್ಲದವರ ಕೈಗೆ ಕೊಡುವಂತಿಲ್ಲ. ಅದರ ಧರ್ಮ ಬೇರೆ.

ಅನುಭವಗಳಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದದ್ದು 2001ರ ಸೆಪ್ಟೆಂಬರ್ 11ರದು. ನ್ಯೂಯಾರ್ಕಿನ ಅವಳಿ ಗೋಪುರಗಳಲ್ಲಿ ಉತ್ತರದ್ದರ 78ನೆಯ ಅಂತಸ್ತಿನಲ್ಲಿ ಮೈಕಲ್ ಹಿಂಗ್ಸನ್ ಎಂಬ ಜನ್ಮಾಂಧರು ಕೆಲಸ ಮಾಡುತ್ತಿದ್ದರು. ಅವರ ರೋಝೆಲ್ ಎಂಬ ಹೆಣ್ಣು ಲ್ಯಾಬ್ರಡಾರ್ ಮೇಜಿನ ಕೆಳಗೆ ಮಲಗಿತ್ತು. ಗುಡುಗು ಎಂದರೆ ಅದಕ್ಕೆ ಬಲು ಹೆದರಿಕೆ. ಮೇಲಿನ ಅಂತಸ್ತುಗಳಿಗೆ ವಿಮಾನ ಬಡಿದು ಕಟ್ಟಡವೇ ಓಲಾಡಿದಾಗ ಮಾತ್ರ ಅದು ಬೆದರಲಿಲ್ಲ. ನಾಯಿ ಶಾಂತವಾಗಿದೆಯೆಂದರೆ ಈ ಅಂತಸ್ತಿಗೆ ಒಡನೆ ಅಪಾಯವಿಲ್ಲ, ಮೆಟ್ಟಿಲಿಳಿಯಬಹುದು, ಎಂದು ಹಿಂಗ್ಸನ್ ತರ್ಕಿಸಿದರು. 1,463 ಮೆಟ್ಟಿಲುಗಳು. ಇಂಧನದ ಗಂಧ ಮೂಗಿಗೆ ಹೊಡೆಯುತ್ತಿತ್ತು. ಕೆಳಗಿನಿಂದ ಭಾರ ಹೊತ್ತು ಮೇಲೇರುತ್ತಿದ್ದ ಅಗ್ನಿಶಾಮಕರು ರೋಝೆಲಿನ ತಲೆ ಸವರಿ ಮುಂದೆ ಹೋದರು. ಅವರಲ್ಲಿ ಎಷ್ಟು ಜನ ಮರಳಿದರೋ! ಹೊರಗೆ ಬಂದ ಮೇಲೆ ದಕ್ಷಿಣದ ಗೋಪುರ ಕುಸಿದು, ಧೂಳಿನ ಕತ್ತಲೆಯಲ್ಲಿ ಕಣ್ಣಿದ್ದವರಿಗೂ ಕಾಣದಾಯಿತು. ನಾಯಿ ಮಾತ್ರ ತನ್ನ ಕೆಲಸವನ್ನು ಬಿಡಲಿಲ್ಲ. ಅದೇ ಗೋಪುರದ 71ನೆಯ ಅಂತಸ್ತಿನಲ್ಲಿದ್ದ ಓಮರ್ ರಿವೇರಾ ಎಂಬ ಇನ್ನೊಬ್ಬ ಅಂಧರು, ತಾನಂತೂ ಉಳಿಯಲಾರೆ, ಇದಾದರೂ ಬದುಕಲಿ ಎಂದು ತಮ್ಮ ಸಾಲ್ಟಿಯನ್ನು ಬಿಚ್ಚಿ ಬಿಟ್ಟರು. ಜನರ ನೂಕುನುಗ್ಗಲಿನಲ್ಲಿ ಹೋದ ಸಾಲ್ಟಿ ತಿರುಗಿ ಬಂದು ಅವರ ಕಾಲಿಗೆ ಒತ್ತಿಕೊಂಡು ನಿಂತಿತು. ಇಬ್ಬರೂ ಇಳಿದು ಪಾರಾದರು. 2002ರಲ್ಲಿ ಈ ಎರಡು ನಾಯಿಗಳಿಗೂ ಬ್ರಿಟನ್ನಿನ ಡಿಕಿನ್ ಪದಕ ದೊರೆಯಿತು.

ಇಷ್ಟಾದರೂ, ಕಣ್ಣಿಲ್ಲದವರೆಲ್ಲರಿಗೂ ನಾಯಿ ಬೇಕೆಂದಾಗಲಿ, ಬಂದರೆ ಸಾಕೆಂದಾಗಲಿ ಹೇಳಲಾಗದು. ಪಶ್ಚಿಮದಲ್ಲಿಯೂ ಹೆಚ್ಚಿನವರು ನಂಬಿರುವುದು ಬಿಳಿಯ ಕೋಲನ್ನೇ. ಕೋಲಿಗೆ ಊಟ ಬೇಡ, ಔಷಧ ಬೇಡ, ಬೆಳಿಗ್ಗೆ ಹೊರಗೆ ಕರೆದೊಯ್ಯಬೇಕಾಗಿಲ್ಲ. ಮುಖ್ಯವಾಗಿ, ಕೋಲು ಮುದಿಯಾಗುವುದಿಲ್ಲ. ನಾಯಿಯು ಹತ್ತು ವರ್ಷದ ಹೊತ್ತಿಗೆ ದಣಿಯುತ್ತದೆ. ಅದನ್ನು ಕೆಲಸದಿಂದ ಬಿಡಿಸಿ ಹೊಸದರೊಡನೆ ಮೊದಲಿನಿಂದ ಅಭ್ಯಾಸ ಮಾಡಬೇಕು. ಹಳೆಯದು ಮನೆಯಲ್ಲಿಯೇ ಉಳಿದರೆ, ಹೊಸದಕ್ಕೆ ಹಾರ್ನೆಸ್ ತೊಡಿಸುವಾಗ ಮುದಿನಾಯಿ ಎದ್ದು ಬಂದು ಬಾಗಿಲ ಬಳಿ ನಿಲ್ಲುತ್ತದೆಯಂತೆ. ಇದನ್ನು ತಾಳಲಾರದೆ, ಎರಡನೆಯ ನಾಯಿಯೇ ಬೇಡ ಎಂದವರೂ ಇದ್ದಾರೆ.

ನಮ್ಮ ನಾಡಿನ ಮಾತನ್ನೂ ಒಂದಿಷ್ಟು ಆಡಬೇಕು. ಗದುಗಿನ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ ಮಕ್ಕಳಿಗೆ ಸಂಗೀತವನ್ನೂ ಅನ್ನವನ್ನೂ ಮರ್ಯಾದೆಯನ್ನೂ ಕೊಟ್ಟರು. ಸ್ವತಃ ಅಂಧರಾಗಿದ್ದ ಆ ಮಹನೀಯರ ವೀರೇಶ್ವರ ಪುಣ್ಯಾಶ್ರಮವನ್ನು ಅರಿಯದ ಕನ್ನಡಿಗರಿಲ್ಲ. 1951ರಲ್ಲಿ ಭಾರತಿ ಬ್ರೈಲ್ ಗೊತ್ತಾಗಿ, ಕನ್ನಡವನ್ನೂ ಬೆರಳಿನಿಂದ ಓದುವ ಏಕರೂಪದ ದಾರಿಯಾಯಿತು. ಓದು ಬಂತು, ಹಾಡು ಬಂತು; ಬೀದಿ ಮಾತ್ರ ಇನ್ನೊಬ್ಬರ ಭುಜದ ಮೇಲೆಯೇ ಉಳಿಯಿತು. ಮುಂಬಯಿಯ ಲೋಕಲ್ ಗಾಡಿಯಲ್ಲಿ ಅಂಗವಿಕಲರ ಡಬ್ಬಿಯಿದೆ; ಆ ಡಬ್ಬಿಯವರೆಗೆ ತಲುಪುವುದು ಹೇಗೆಂಬುದು ಪ್ರಶ್ನೆ. ಫುಟ್‌ಪಾತಿನ ಮೇಲೆ ಅಂಗಡಿ, ಅಂಗಡಿಯ ಮುಂದೆ ಸ್ಕೂಟರು, ಸ್ಕೂಟರಿನ ಪಕ್ಕದಲ್ಲಿ ಅಗೆದು ಬಿಟ್ಟ ಗುಂಡಿ. ದಾರಿಯ ಅಂಚಿನಲ್ಲಿ ನಿಲ್ಲು ಎಂದು ಕಲಿತ ನಾಯಿಗೆ ಇಲ್ಲಿ ಅಂಚನ್ನು ತೋರಿಸುವವರು ಯಾರು? ಬೀದಿನಾಯಿಗಳ ದಂಡು ಸುತ್ತುವರಿದರೆ ಅದು ಯಜಮಾನನನ್ನು ನಡೆಯಿಸುವುದೋ, ತನ್ನನ್ನು ಕಾಪಾಡಿಕೊಳ್ಳುವುದೋ? ವೈಶಾಖದ ಡಾಂಬರು ಅದರ ಪಾದಕ್ಕೆ ಹೇಗಿರುತ್ತದೆ? ಇನ್ನು ಸೊಸೈಟಿಯ ಮೀಟಿಂಗಿನಲ್ಲಿ ಲಿಫ್ಟಿನಲ್ಲಿ ನಾಯಿ ಬರಕೂಡದೆಂಬ ಠರಾವು ಬೇರೆ. ನಾಯಿ ಬರುವುದಕ್ಕೆ ಮೊದಲು ಫುಟ್‌ಪಾತು ಬರಬೇಕಾಗಿದೆ. ಅದು ಬಂದರೆ ಕೋಲು ಹಿಡಿದವರಿಗೂ, ಮೊಣಕಾಲು ನೋವಿನ ನಮ್ಮ ಅಜ್ಜಂದಿರಿಗೂ ಅನುಕೂಲವೇ ಸರಿ.

ನಮ್ಮ ಸಂಘದ ಹಲವು ಮನೆಗಳ ಮಕ್ಕಳು ಈಗ ಲಂಡನ್ನಿನಲ್ಲಿಯೂ ನ್ಯೂಜೆರ್ಸಿಯಲ್ಲಿಯೂ ಇದ್ದಾರೆ. ಮಕ್ಕಳನ್ನು ನೋಡಲು ಹೋದವರಿಗೆ ಅಲ್ಲಿನ ಬಸ್ಸಿನಲ್ಲಿಯೋ ಅಂಗಡಿಯಲ್ಲಿಯೋ ಹಾರ್ನೆಸ್ ತೊಟ್ಟ ನಾಯಿ ಎದುರಾದೀತು. ಎಷ್ಟೇ ಮುದ್ದಾಗಿ ಕಂಡರೂ ಅದನ್ನು ಮುಟ್ಟಬಾರದು, ಕರೆಯಬಾರದು, ಚೀಲದಲ್ಲಿನ ಕೋಡುಬಳೆಯನ್ನು ಅದರ ಮುಂದೆ ಹಿಡಿಯಬಾರದು. ಹಿಡಿಕೆ ಮೈಮೇಲೆ ಇರುವವರೆಗೆ ಅದು ಕೆಲಸದ ಮೇಲಿದೆ. ಮಾತನಾಡಿಸುವುದಿದ್ದರೆ ಮನುಷ್ಯನನ್ನು ಮಾತನಾಡಿಸಬೇಕು. ನ್ಯೂಜೆರ್ಸಿಗೆ ಹೋದವರು ಬಿಡುವು ಮಾಡಿಕೊಂಡು ಮೋರಿಸ್‌ಟೌನಿಗೆ ಹೋಗಿಬರಲಿ. ಸೀಯಿಂಗ್ ಐ ಇಂದು ಇರುವುದು ಆ ಊರಿನ ಬಳಿಯಲ್ಲಿ. ಊರ ನಡುವಿನ ಹುಲ್ಲುಹಾಸಿನಲ್ಲಿ ಮೋರಿಸ್ ಫ್ರ್ಯಾಂಕ್ ಮತ್ತು ಬಡಿಯ ಕಂಚಿನ ವಿಗ್ರಹವನ್ನು 2005ರಲ್ಲಿ ನಿಲ್ಲಿಸಿದ್ದಾರೆ. ಎತ್ತರದ ಕಟ್ಟೆಯ ಮೇಲೆ ಅಲ್ಲ, ಜನ ನಡೆದಾಡುವ ದಾರಿಯ ಮಟ್ಟದಲ್ಲಿಯೇ ಇಬ್ಬರೂ ಹೆಜ್ಜೆಯಿಡುತ್ತಿದ್ದಾರೆ.